ಪುಟ್‌ಗೆ ಬಟ್ ಯಾಕೆ ಪ್ರಾಸವಲ್ಲ?

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವರು. ಮಗಳು ಎರಡನೇ ತರಗತಿ, ಇಂಗ್ಲಿಷ್ ಮಾಧ್ಯಮ. ‘ರೈಮಿಂಗ್ ವರ್ಡ್ಸ್ ಬರೆಯಿರಿ’ ಎಂಬ ಹೋಂವರ್ಕ್‌ಗೆ ಪುಟ್–ಬಟ್, ಗುಡ್–ಬ್ಲಡ್, ಸಿಂಗಿಂಗ್–ಡಾನ್ಸಿಂಗ್ ಎಂದು ಬರೆದಳು. ಮೂರಕ್ಕೂ ಕೆಂಪು ಗೀಟು ಬಿತ್ತು. ‘ಕೊನೆಯ ಸ್ಪೆಲಿಂಗ್ ಒಂದೇ ಥರ ಇದೆಯಲ್ಲಮ್ಮ’ ಎಂದು ಅವಳ ವಾದ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಉತ್ತರ ಹೇಳಲು ಗೊತ್ತಾಗಲಿಲ್ಲ. ಉರು ಹೊಡೆಸಲು ಪ್ರಾಸಪದಗಳ ಒಂದು ಪಟ್ಟಿಯನ್ನು ಅರ್ಥದೊಂದಿಗೆ ಕೊಡುತ್ತೀರಾ? ಹಾಗೆಯೇ, ಆರೆಂಜ್‌ಗೆ ಪ್ರಾಸ ಏನು ಎಂದು ದಿನಾ ಕೇಳುತ್ತಿದ್ದಾಳೆ.

ಉತ್ತರ: ಗೀಟು ಹಾಕಿದ ಟೀಚರ್ ಮೂರೂ ಕಡೆ ಸರಿಯಾಗಿದ್ದಾರೆ. ಆದರೂ ಪುಟ್–ಬಟ್ ವಿಷಯದಲ್ಲಿ ನಿಮ್ಮ ಮಗಳ ಪರ ವಕಾಲತ್ತು ವಹಿಸಲು ನನ್ನ ಹತ್ತಿರ ಒಂದು ಸಾಕ್ಷಿ ಉಂಟು. ಇಂಗ್ಲೆಂಡಿನ ಉತ್ತರಕ್ಕೆ, ಯಾರ್ಕ್‌ಶೈರ್, ಲ್ಯಾಂಕಶೈರ್ ಸೀಮೆಯಲ್ಲಿ, ಇವತ್ತಿಗೂ ಬಹಳ ಜನ ಬಿ-ಯು-ಟಿಯನ್ನು ‘ಬುಟ್’ ಎಂದೇ ಹೇಳುತ್ತಾರೆ. ಕಪ್ ಅವರ ಬಾಯಲ್ಲಿ ‘ಕುಪ್’, ಲವ್ ‘ಲುವ್’. ಅಲ್ಲಿಯ ಮಗು ಪುಟ್–ಬಟ್ ಜೋಡಿ ಹೇಳಿದರೆ ಯಾರೂ ತಕರಾರು ಮಾಡುವುದಿಲ್ಲ. ನಮ್ಮ ಶಾಲೆಗಳಿಗೆ ಬಂದದ್ದು ದಕ್ಷಿಣ ಇಂಗ್ಲೆಂಡಿನವರ ಇಂಗ್ಲಿಷ್. ಹಾಗಾಗಿ ನಾಪೋಕ್ಲಿನಲ್ಲಿ ಕೆಂಪು ಗೀಟು.

ಅವಳು ಎಡವಿದ್ದು ಎಲ್ಲಿ ಅಂದರೆ, ಪ್ರಾಸವನ್ನು ಕಣ್ಣಿನಿಂದ ಹುಡುಕಿದಳು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಈ ಜಿಲ್ಲೆಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದವನು ನಾನು; ಇದು ಬುದ್ಧಿ ಚುರುಕಿಲ್ಲದ ಮಕ್ಕಳು ಮಾಡುವ ತಪ್ಪಲ್ಲ, ಕನ್ನಡ ಚೆನ್ನಾಗಿ ಓದಲು ಕಲಿತ ಮಕ್ಕಳೇ ಹೆಚ್ಚಾಗಿ ಮಾಡುತ್ತಾರೆ. ಕನ್ನಡದಲ್ಲಿ ಕಣ್ಣಿಗೂ ಕಿವಿಗೂ ಜಗಳವಿಲ್ಲ. ಬರೆದದ್ದನ್ನೇ ಓದುತ್ತೇವೆ, ಓದಿದ್ದನ್ನೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅಕ್ಷರ 26, ಸ್ವರಕ್ಕೆಂದು ಮೀಸಲಾದವು 5. ಬ್ರಿಟಿಷರ ಮಾತಿನಲ್ಲಿ ಕೇಳಿಬರುವ ಸ್ವರಧ್ವನಿಗಳು ಮಾತ್ರ ಸುಮಾರು 20. ಮನೆಯಲ್ಲಿರುವುದು ಐದು ಲೋಟ, ಬಂದ ನೆಂಟರು ಇಪ್ಪತ್ತು ಎಂದಿಟ್ಟುಕೊಳ್ಳಿ. ಒಂದೇ ಲೋಟ ನಾಲ್ಕು ಕೈ ತಿರುಗಲೇಬೇಕು. ಲೋಟ ನೋಡಿ ಯಾರು ಕುಡಿದರು ಎಂದು ಹೇಳಲಾಗದು.

ಇಂಗ್ಲಿಷಿನ ಪ್ರಾಸದ ನಿಯಮ ಇಷ್ಟೇ. ಪದದಲ್ಲಿ ಒತ್ತು ಬೀಳುವ, ಅಂದರೆ ಉಳಿದವಕ್ಕಿಂತ ಜೋರಾಗಿ ಹೇಳುವ, ಕೊನೆಯ ಸ್ವರವನ್ನು ಹಿಡಿಯಿರಿ. ಅಲ್ಲಿಂದ ತುದಿಯವರೆಗೆ ಎರಡೂ ಪದಗಳ ಧ್ವನಿ ಒಂದೇ ಇರಬೇಕು, ಆ ಸ್ವರದ ಮುಂಚಿನ ವ್ಯಂಜನ ಬೇರೆ ಇರಬೇಕು. ಕ್ಯಾಟ್, ಹ್ಯಾಟ್, ಬ್ಯಾಟ್. ಕಾಫಿ–ಟಾಫಿ ಇದೇ ಲೆಕ್ಕದಲ್ಲಿ ಒಳ್ಳೆಯ ಪ್ರಾಸ; ಎರಡರಲ್ಲೂ ಒತ್ತು ಮೊದಲ ಸ್ವರದ ಮೇಲೆ, ಅಲ್ಲಿಂದ ಮುಂದೆ ‘ಆಫಿ’.

ಮಗುವಿಗೆ ನಿಯಮ ಹೇಳಬೇಡಿ, ತಲೆಗೆ ಹೋಗುವುದಿಲ್ಲ. ಅವಳಿಗೆ ಈಗಾಗಲೇ ಗೊತ್ತಿರುವ ಆಟದಿಂದ ಶುರು ಮಾಡಿ. ನಾವು ನೆಂಟರನ್ನು ‘ಕಾಫಿ-ಗೀಫಿ ಆಯ್ತಾ?’ ಎಂದು ಕೇಳುತ್ತೇವೆ. ಪುಸ್ತಕ-ಗಿಸ್ತಕ, ಸಂತೆ-ಗಿಂತೆ, ಮಳೆ-ಗಿಳೆ. ಯಾರೂ ಹೇಳಿಕೊಡದೆಯೇ ಮೂರು ವರ್ಷದ ಮಗು ಪದದ ತಲೆ ಕತ್ತರಿಸಿ ‘ಗಿ’ ಅಂಟಿಸಲು ಕಲಿತಿರುತ್ತದೆ. ಇಂಗ್ಲಿಷಿನ ಪ್ರಾಸಕ್ಕೂ ಬೇಕಾದ ಕೌಶಲ ಅದೇ, ತಲೆ ಕತ್ತರಿಸುವುದು. ಒಂದೇ ವ್ಯತ್ಯಾಸ: ನಮ್ಮ ಗೀಫಿಯಲ್ಲಿ ಸ್ವರವೂ ಬದಲಾಗುತ್ತದೆ, ಇಂಗ್ಲಿಷಿನಲ್ಲಿ ಸ್ವರ ಕದಲಬಾರದು. ‘ಹಿಲ್ ತಗೋ, ಹ್ ತೆಗಿ, ಏನುಳಿಯಿತು? ಇಲ್. ಈಗ ಮಕಾರ ಹಾಕು, ಬಕಾರ ಹಾಕು’ ಎಂದು ಪಾತ್ರೆ ತೊಳೆಯುತ್ತಲೇ ಆಡಿಸಬಹುದು. ಹೇಳಿದ್ದಕ್ಕೆಲ್ಲ ಅರ್ಥ ಇರಲೇಬೇಕೆಂದಿಲ್ಲ. ‘ಝಿಲ್’ ಅಂದರೂ ಸಂತೋಷಪಡಿ, ಕಿವಿ ಕೆಲಸ ಮಾಡುತ್ತಿದೆ ಎಂದರ್ಥ.

ಇದು ಬರೀ ಆಟವೂ ಅಲ್ಲ. 1983ರಲ್ಲಿ ಆಕ್ಸ್‌ಫರ್ಡ್‌ನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ ಪ್ರಕಟಿಸಿದ ಅಧ್ಯಯನವೊಂದು ಶಿಕ್ಷಕರ ವಲಯದಲ್ಲಿ ಪ್ರಸಿದ್ಧ. ಓದು ಕಲಿಯುವ ಮೊದಲೇ ಪ್ರಾಸವನ್ನು ಕಿವಿಯಿಂದ ಗುರುತಿಸಬಲ್ಲ ಮಕ್ಕಳು ಮುಂದೆ ಓದಿನಲ್ಲೂ ಸ್ಪೆಲಿಂಗಿನಲ್ಲೂ ಮುಂದಿರುತ್ತಾರೆ ಎಂದು ಅವರು ತೋರಿಸಿದರು. ಕಿವಿಯಿಂದ ಎಂಬ ಮಾತನ್ನು ಗಮನಿಸಿ. ಪಟ್ಟಿ ಉರು ಹೊಡೆದರೆ ಆ ಲಾಭ ಸಿಗುವುದಿಲ್ಲ. ಆದ್ದರಿಂದ ಪಟ್ಟಿ ಕೊಡುತ್ತೇನೆ, ಉರು ಹೊಡೆಸುವುದಿಲ್ಲ ಎಂದು ಮಾತು ಕೊಡಿ.

ಈಗ ನನ್ನ ಮುಖ್ಯ ಸಲಹೆ. ಪ್ರಾಸ ಹೌದೋ ಅಲ್ಲವೋ ಎಂದು ಅನುಮಾನ ಬಂದಾಗ ಆ ಎರಡು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಪುಟ್, ಬಟ್. ಕಂಡಿತಲ್ಲ? ಒಂದರಲ್ಲಿ ಕೊಂಬು ಇದೆ, ಇನ್ನೊಂದರಲ್ಲಿ ಇಲ್ಲ. ಗುಡ್, ಫೂಡ್, ಬ್ಲಡ್: ಇಂಗ್ಲಿಷಿನಲ್ಲಿ ಮೂರಕ್ಕೂ ಎರಡೆರಡು ಓ, ಕನ್ನಡದಲ್ಲಿ ಒಂದಕ್ಕೆ ಕೊಂಬು, ಒಂದಕ್ಕೆ ಕೊಂಬಿನ ದೀರ್ಘ, ಒಂದಕ್ಕೆ ಏನೂ ಇಲ್ಲ. ಓ-ಎನ್-ಇ ಎಂದು ಕೊನೆಯಾಗುವ ನಾಲ್ಕು ಪದ ತೆಗೆದುಕೊಳ್ಳಿ: ಬೋನ್, ಗಾನ್, ಡನ್, ವನ್. ಇದರಲ್ಲಿ ಡನ್–ವನ್ ಮಾತ್ರ ಜೋಡಿ. ಓ-ವಿ-ಇ ಮೂರು: ಲವ್, ಮೂವ್, ಸ್ಟೋವ್. ಯಾವುದೂ ಯಾವುದಕ್ಕೂ ಸೇರುವುದಿಲ್ಲ. ತಿರುಗಾಮುರುಗಾ ಕೂಡ ಆಗುತ್ತದೆ. ಟೀಚರ್ ಮತ್ತು ಕ್ರೀಚರ್, ಸ್ಪೆಲಿಂಗ್ ಎಷ್ಟೇ ದೂರವಿದ್ದರೂ, ಕನ್ನಡದಲ್ಲಿ ಬರೆದ ತಕ್ಷಣ ಅಣ್ಣತಮ್ಮಂದಿರು. ಕ್ರೀಚರ್ ಅಂದರೆ ಪ್ರಾಣಿ, ಜೀವಿ. ಈ ಪ್ರಾಸವನ್ನು ನನ್ನ ಬೆನ್ನ ಹಿಂದೆ ಮಕ್ಕಳು ಎಷ್ಟು ಸಲ ಬಳಸಿದ್ದಾರೋ ದೇವರಿಗೇ ಗೊತ್ತು.

ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದರೆ ಕೆಲವು ಕಡೆ ಬೈಯುತ್ತಾರೆ, ‘ಉಚ್ಚಾರಣೆ ಹಾಳಾಗುತ್ತದೆ’ ಎಂದು. ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿ ಇಷ್ಟು ಒಳ್ಳೆಯ ಅಳತೆಗೋಲು ಇಟ್ಟುಕೊಂಡು ಗಜ ಹುಡುಕುವುದು ಯಾತಕ್ಕೆ? ಶಾಲೆಯ ಪುಸ್ತಕದಲ್ಲಿ ಬೇಡ, ಮನೆಯ ಕಚ್ಚಾ ಪುಸ್ತಕದಲ್ಲಿ ಬರೆಯಲಿ.

ಅಳತೆಗೋಲಿಗೂ ಮಿತಿ ಉಂಟು, ಅದನ್ನು ಮುಚ್ಚಿಡಬಾರದು. ನಿಮ್ಮ ತೋಟದ ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿ ವೈನ್. ನಮ್ಮ ಜಿಲ್ಲೆಯ ಮನೆಮನೆಯಲ್ಲಿ ಹಣ್ಣು ಕೊಳೆಹಾಕಿ ಮಾಡಿ, ರಸ್ತೆ ಬದಿಯಲ್ಲಿ ಬೋರ್ಡ್ ತಗುಲಿಸಿ ಮಾರುವುದೂ ವೈನ್. ಕನ್ನಡದಲ್ಲಿ ಎರಡೂ ಒಂದೇ ಪದ! ಇಂಗ್ಲಿಷಿನಲ್ಲಿ ಬಳ್ಳಿಯ ವೈನ್‌ಗೆ ಮೇಲ್ಹಲ್ಲು ಕೆಳತುಟಿಗೆ ತಾಗಬೇಕು, ಕುಡಿಯುವ ವೈನ್‌ಗೆ ಸೀಟಿ ಹೊಡೆಯುವಂತೆ ತುಟಿ ದುಂಡಗಾಗಬೇಕು. ತಲೆಯ ವ್ಯಂಜನ ಬೇರೆಯಾದ್ದರಿಂದ ಇವು ಚಂದದ ಪ್ರಾಸ. ಎರಡೂ ಹುಟ್ಟಿದ್ದು ಲ್ಯಾಟಿನ್ನಿನ ಒಂದೇ ಮೂಲದಿಂದ. ಕುಡಿಯುವುದು ಮೊದಲೇ ಇಂಗ್ಲಿಷಿಗೆ ಬಂದಿತ್ತು, ಬಳ್ಳಿ ಆಮೇಲೆ ಫ್ರೆಂಚ್ ದಾರಿಯಲ್ಲಿ ಬಂತು.

ಇನ್ನೊಂದು ಮಿತಿ ಪದದ ತುದಿಯ ಸಕಾರದ್ದು. ರೈಸ್, ನೈಸ್, ಪ್ರೈಸ್ ಅಂದರೆ ಬೆಲೆ: ಇವುಗಳ ಕೊನೆಯಲ್ಲಿ ಹಾವು ಬುಸುಗುಟ್ಟಿದ ಹಾಗೆ ಸ್ ಇದೆ. ವೈಸ್ ಅಂದರೆ ಜಾಣ, ರೈಸ್ ಅಂದರೆ ಏಳು, ಪ್ರೈಸ್ ಅಂದರೆ ಬಹುಮಾನ: ಇವುಗಳ ಕೊನೆಯಲ್ಲಿ ಜೇನುಹುಳ ಗುಂಯ್‌ಗುಟ್ಟುವ ಝ್. ನಾವು ಎರಡಕ್ಕೂ ಸ್ ಬರೆದು ಎರಡಕ್ಕೂ ಸ್ ಹೇಳುತ್ತೇವೆ. ಅನ್ನದ ರೈಸ್‌ಗೆ ಜಾಣನ ವೈಸ್ ಪ್ರಾಸವಲ್ಲ. ಗಂಟಲಿನ ಮೇಲೆ ಬೆರಳಿಟ್ಟು ಹೇಳಿಸಿ, ಝ್ ಇದ್ದರೆ ಬೆರಳಿಗೆ ಕಂಪನ ತಾಗುತ್ತದೆ.

ನಿಮ್ಮ ಮನೆಮಾತು ಯಾವುದೆಂದು ಬರೆದಿಲ್ಲ. ಕೊಡವ ತಕ್ಕ್ ಆಗಿದ್ದರೆ ನಿಮ್ಮ ಮಗಳಿಗೆ ಈ ಮಿತಿಯ ವಿಷಯ ಬೇಗ ಅರ್ಥವಾಗುತ್ತದೆ. ಕೊಡವ ತಕ್ಕ್‌ನಲ್ಲಿ ನಾಲಿಗೆಯ ನಡುಭಾಗದಿಂದ ಹೊರಡುವ, ಕನ್ನಡದಲ್ಲಿ ಇಲ್ಲದ ಸ್ವರಗಳಿವೆ. ಹಬ್ಬಕ್ಕೆ ‘ಪೊಳ್ದ್’ ಎಂದು ಬರೆಯುತ್ತೇವೆ, ತುದಿಯಲ್ಲಿ ಉ ಅಲ್ಲದ, ಇ ಅಲ್ಲದ ಒಂದು ಅರೆಸ್ವರ ಹೇಳುತ್ತೇವೆ. ಕನ್ನಡ ಲಿಪಿಗೆ ಅದನ್ನು ಹಿಡಿಯಲು ಅಕ್ಷರವಿಲ್ಲ. 1930ರ ದಶಕದಲ್ಲಿ ಕೊಡಗಿಗೆ ಬಂದು ಈ ಭಾಷೆ ಕಲಿತ, ಮುಂದೆ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾದ ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಈ ಸ್ವರಗಳ ಮೇಲೆಯೇ ಲೇಖನ ಬರೆದರು. ಅಜ್ಜಿ ಹೇಳುವುದಕ್ಕೂ ಪುಸ್ತಕದಲ್ಲಿ ಬರೆದಿರುವುದಕ್ಕೂ ಕೂದಲೆಳೆ ವ್ಯತ್ಯಾಸ ಇರುತ್ತದೆ ಎಂದು ಕೊಡವ ಮನೆಯ ಮಗುವಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಸಿಂಗಿಂಗ್–ಡಾನ್ಸಿಂಗ್ ಬೇರೆ ಬಗೆಯ ಎಡವಟ್ಟು. ಇಲ್ಲಿ ಕಿವಿಯೂ ಅವಳ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಎರಡರ ಕೊನೆಯಲ್ಲೂ ‘ಇಂಗ್’ ಕೇಳುತ್ತದಲ್ಲ! ಆದರೆ ಒತ್ತು ಇರುವುದು ‘ಸಿಂಗ್’ ಮೇಲೆ, ‘ಡಾನ್ಸ್’ ಮೇಲೆ. ಬಾಲದ ‘ಇಂಗ್’ ಬರೀ ಪ್ರತ್ಯಯ. ನಿಯಮದ ಪ್ರಕಾರ ಒತ್ತಿನ ಸ್ವರದಿಂದ ಹೊಂದಬೇಕು, ಹಾಗಾಗಿ ಸಿಂಗಿಂಗ್‌ಗೆ ರಿಂಗಿಂಗ್, ಬ್ರಿಂಗಿಂಗ್. ಡಾನ್ಸಿಂಗ್‌ಗೆ ಗ್ಲಾನ್ಸಿಂಗ್, ಅಂದರೆ ಕಣ್ಣು ಹಾಯಿಸುವುದು. ಟೀಚರ್–ಫಾರ್ಮರ್ ಕೂಡ ಇದೇ ಕಾರಣಕ್ಕೆ ಆಗದು.

ಕನ್ನಡದವರಿಗೆ ಇದು ಅನ್ಯಾಯ ಅನಿಸುತ್ತದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಬಂದಳು, ನಿಂದಳು, ಹೋದಳು ಎಂದು ಸಾಲು ಮುಗಿಸಿದರೆ ಅಂತ್ಯಪ್ರಾಸ ತಾನೇ ತಾನಾಗಿ ಒದಗುತ್ತದೆ. ಇಷ್ಟು ಸುಲಭವಾದ್ದರಿಂದಲೋ ಏನೋ, ನಮ್ಮ ಹಳೆಯ ಕವಿಗಳು ಅದಕ್ಕೆ ಹೆಚ್ಚು ಬೆಲೆ ಕೊಡದೆ ಸಾಲಿನ ಎರಡನೆಯ ಅಕ್ಷರದಲ್ಲಿ ವ್ಯಂಜನ ಹೊಂದಬೇಕೆಂದು ಪಟ್ಟು ಹಿಡಿದರು. ಒಂದು ಸಾಲು ‘ಹಳ್ಳದ’ ಎಂದು ಶುರುವಾದರೆ ಮುಂದಿನದು ‘ಬೆಳ್ಳನೆ’, ಅದರ ಮುಂದಿನದು ‘ಕಳ್ಳನ’. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲೇ ಪ್ರಾಸದ ಚರ್ಚೆ ಇದೆ. ಆ ಕಟ್ಟನ್ನು ಬೇಕೆಂದೇ ಸಡಿಲಿಸಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಬರಬೇಕಾಯಿತು. ಇಂಗ್ಲಿಷಿನವರ ಕತೆಯೂ ಹೆಚ್ಚು ಬೇರೆಯಿಲ್ಲ. ಅವರ ಅತಿ ಹಳೆಯ ಕಾವ್ಯದಲ್ಲಿ ಕೊನೆಯ ಪ್ರಾಸ ಇರಲಿಲ್ಲ, ಪದಗಳ ತಲೆಯ ವ್ಯಂಜನ ಹೊಂದಿಸುತ್ತಿದ್ದರು. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಫ್ರೆಂಚ್ ಕಾವ್ಯದ ಸಹವಾಸದಲ್ಲಿ ಅಂತ್ಯಪ್ರಾಸ ಬೇರೂರಿತು.

ಈಗ ಗುಡ್–ಬ್ಲಡ್. ಇದಕ್ಕೆ ಉತ್ತರ ಸಿಗಬೇಕಾದರೆ ಹುತ್ತರಿ ಹಬ್ಬದಿಂದ ಹೊರಡೋಣ. ಕೊಡವ ತಕ್ಕ್‌ನಲ್ಲಿ ಅದು ಪುತ್ತರಿ, ಹೊಸ ಅಕ್ಕಿ. ಕನ್ನಡದಲ್ಲಿ ಪಕಾರ ಹಕಾರವಾಗಿ ಹುತ್ತರಿ ಆಯಿತು. ಪಾಲು ಹಾಲಾಯಿತು, ಪೂ ಹೂ ಆಯಿತು. ಮಾತು ಬದಲಾದ ಹಾಗೆ ಬರಹವನ್ನೂ ಬದಲಾಯಿಸಿಕೊಂಡೆವು. ಒಂದು ವೇಳೆ ನಾವು ಇವತ್ತಿಗೂ ‘ಪುತ್ತರಿ’ ಎಂದು ಬರೆದು ‘ಹುತ್ತರಿ’ ಎಂದು ಓದುತ್ತಿದ್ದರೆ? ಅದೇ ಇಂಗ್ಲಿಷ್.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಮುದ್ರಣ ಬಂದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗತೊಡಗಿತು. ದುರದೃಷ್ಟಕ್ಕೆ ಅದೇ ಹೊತ್ತಿನಲ್ಲಿ, ಸುಮಾರು 1400ರಿಂದ 1700ರವರೆಗೆ, ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಜಾಗ ಬದಲಾಯಿಸಿದವು. ಗುಡ್, ಫೂಡ್, ಬ್ಲಡ್ ಮೂರೂ ಹಿಂದೆ ಗೋಡ್, ಫೋಡ್, ಬ್ಲೋಡ್ ಎಂಬಂತೆ ಕೇಳುತ್ತಿದ್ದವು. ಆಗ ನಿಮ್ಮ ಮಗಳ ಉತ್ತರ ನೂರಕ್ಕೆ ನೂರು ಸರಿ. ಮೊದಲು ಮೂರರ ಓಕಾರವೂ ಊಕಾರವಾಯಿತು: ಗೂಡ್, ಫೂಡ್, ಬ್ಲೂಡ್. ಆಮೇಲೆ ಬ್ಲೂಡ್ ಎಲ್ಲರಿಗಿಂತ ಮುಂಚೆ ಹ್ರಸ್ವವಾಗಿ ಬ್ಲುಡ್ ಆಯಿತು. ಅಷ್ಟರಲ್ಲಿ, ಹದಿನೇಳನೆಯ ಶತಮಾನದಲ್ಲಿ, ದಕ್ಷಿಣ ಇಂಗ್ಲೆಂಡಿನವರು ಹ್ರಸ್ವ ಉಕಾರವನ್ನು ಅಕಾರದ ಕಡೆಗೆ ತಿರುಗಿಸಲು ಶುರು ಮಾಡಿದರು. ಬುಟ್ ಬಟ್ ಆದದ್ದು, ಕುಪ್ ಕಪ್ ಆದದ್ದು ಆಗಲೇ. ಮೊದಲೇ ಹೋಗಿ ನಿಂತಿದ್ದ ಬ್ಲುಡ್ ಆ ಬಸ್ ಹತ್ತಿ ಬ್ಲಡ್ ಆಯಿತು. ಗೂಡ್ ತಡವಾಗಿ ಹ್ರಸ್ವವಾಯಿತು, ಬಸ್ ತಪ್ಪಿ ಗುಡ್ ಆಗಿಯೇ ಉಳಿಯಿತು. ಫೂಡ್ ಮನೆಯಿಂದ ಹೊರಡಲೇ ಇಲ್ಲ.

ಪುಟ್ ಯಾಕೆ ಹತ್ತಲಿಲ್ಲ? ತುಟಿಯಿಂದ ಹೊರಡುವ ಪ, ಬ, ಫ ಧ್ವನಿಗಳ ನಂತರ ಕೆಲವು ಪದಗಳಲ್ಲಿ ಹಳೆಯ ಉಕಾರ ಹಾಗೆಯೇ ನಿಂತಿತು: ಪುಟ್, ಪುಲ್, ಪುಶ್, ಬುಲ್, ಫುಲ್. ಎಲ್ಲದರಲ್ಲೂ ನಿಲ್ಲಲಿಲ್ಲ, ಬಟ್ ಮತ್ತು ಫನ್ ಹೋಗಿಬಿಟ್ಟವು. ಇಂಥ ಅರೆಬರೆ ಬದಲಾವಣೆಯೇ ಇಂಗ್ಲಿಷಿನ ಹಣೆಬರಹ. ಉತ್ತರದ ಯಾರ್ಕ್‌ಶೈರಿನವರು ಆ ಬಸ್ ಹತ್ತದವರು, ಅದಕ್ಕೇ ಅವರಿಗೆ ಇವತ್ತಿಗೂ ಬುಟ್. ಷೇಕ್ಸ್‌ಪಿಯರ್ ಸಾನೆಟ್ಟುಗಳಲ್ಲಿ ಲವ್‌ಗೆ ರಿಮೂವ್ ಪ್ರಾಸ ಕಟ್ಟಿದ್ದಾನೆ. ಅವನ ಕಾಲದ ಕಿವಿಗೆ ಹೊಂದುತ್ತಿತ್ತು, ಈಗ ಕಣ್ಣಿಗೆ ಮಾತ್ರ ಹೊಂದುತ್ತದೆ. ಎರಡನೇ ತರಗತಿಯ ಹುಡುಗಿ ಷೇಕ್ಸ್‌ಪಿಯರನ ಸಾಲಿನಲ್ಲಿ ನಿಂತಿದ್ದಾಳೆ ಎಂದು ಅವಳಪ್ಪನಿಗೆ ಹೇಳಿ.

ಪಟ್ಟಿ ಕೇಳಿದಿರಿ. ಅಂಗಡಿಯಲ್ಲಿ ಸಿಗುವ ಪುಸ್ತಕಗಳಲ್ಲಿ ಕಾಣದ ವಸ್ತುಗಳೇ ತುಂಬಿರುತ್ತವೆ. ಕಿಟಕಿಯಿಂದ ಕಾಣುವುದರಿಂದ ಶುರು ಮಾಡುವುದು ನನ್ನ ಪದ್ಧತಿ.

ಮಳೆ, ರೇನ್. ಅದು ಹರಿದು ಹೋಗುವ ಚರಂಡಿ ಡ್ರೇನ್, ಬಟ್ಟೆಗೆ ಹತ್ತುವ ಕಲೆ ಸ್ಟೇನ್, ಕಾಳು ಗ್ರೇನ್, ನೋವು ಪೇನ್, ಮೆದುಳು ಬ್ರೇನ್, ಸರಪಳಿ ಚೇನ್. ಟ್ರೇನ್ ಕೂಡ ಇದೇ ಕುಟುಂಬ. ಕೊಡಗಿನಲ್ಲಿ ರೇನ್ ಬೇಕಾದಷ್ಟು, ಟ್ರೇನ್ ಒಂದೂ ಇಲ್ಲ. ಸ್ಪೆಲಿಂಗ್ ಬೇರೆಯಾದರೂ ಧ್ವನಿ ಇದೇ ಆದವು: ಓಣಿ ಲೇನ್, ಬೆತ್ತ ಕೇನ್, ವಿಮಾನ ಪ್ಲೇನ್, ರಕ್ತನಾಳ ವೇನ್. ಮತ್ತೆ ಎಂಬ ಅರ್ಥದ ಪದದಲ್ಲಿ ಎ-ಐ-ಎನ್ ಇದ್ದರೂ ಸಾಮಾನ್ಯವಾಗಿ ಅಗೆನ್ ಎನ್ನುತ್ತಾರೆ, ಅದು ಪೆನ್, ಟೆನ್ ಜೊತೆ ಹೋಗುತ್ತದೆ. ಹೇಳಿದ ಎಂಬುದು ಸೆಡ್, ರೆಡ್ ಜೊತೆ; ಪೇಡ್ ಜೊತೆ ಅಲ್ಲ.

ಮಳೆ ಬಂದ ಮೇಲೆ ಜಿಗಣೆ, ಲೀಚ್. ಕಲಿಸು ಟೀಚ್, ತಲುಪು ರೀಚ್, ಮಾತು ಸ್ಪೀಚ್, ಪ್ರವಚನ ಮಾಡು ಪ್ರೀಚ್, ಬಟ್ಟೆಗೆ ಹಾಕುವ ಬ್ಲೀಚ್, ಕಡಲತೀರ ಬೀಚ್. ಹಳೆಯ ಇಂಗ್ಲಿಷಿನಲ್ಲಿ ಲೀಚ್ ಎಂದರೆ ವೈದ್ಯ ಎಂಬ ಅರ್ಥವೂ ಇತ್ತು. ಕಾಲಿಗೆ ಅಂಟಿದಾಗ ಉಪ್ಪು ಹಾಕುತ್ತ ಇದನ್ನು ಹೇಳಿದರೆ ಮಗು ಮರೆಯುವುದಿಲ್ಲ.

ಗುಡ್ಡ, ಹಿಲ್. ಈ ಕುಟುಂಬದಲ್ಲಿ ಅರ್ಥಗಳ ಸುಗ್ಗಿ. ಚಿಲ್ ಚಳಿ, ಸ್ಪಿಲ್ ಚೆಲ್ಲು, ಮಿಲ್ ಗಿರಣಿ, ಫಿಲ್ ತುಂಬು. ಬಿಲ್ ಅಂದರೆ ಅಂಗಡಿಯವನು ಕೊಡುವ ಚೀಟಿ, ಹಕ್ಕಿಯ ಕೊಕ್ಕೂ ಬಿಲ್. ಟಿಲ್ ಅಂದರೆ ತನಕ, ಗದ್ದೆ ಉಳುವುದೂ ಟಿಲ್, ಅಂಗಡಿಯ ಗಲ್ಲಾಪೆಟ್ಟಿಗೆಯೂ ಟಿಲ್. ಸ್ಟಿಲ್ ಅಂದರೆ ಇನ್ನೂ, ಅಲ್ಲಾಡದೆ ಇರುವುದೂ ಹೌದು. ‘ಒಂದು ಪದಕ್ಕೆ ಒಂದು ಅರ್ಥ’ ಎಂದು ಬಾಣ ಹಾಕಿ ಜೋಡಿಸುವ ಪುಸ್ತಕಗಳು ಈ ಸಂಪತ್ತನ್ನು ಹಾಳು ಮಾಡುತ್ತವೆ.

ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿಗೆ ಬೀಳುವ ಹೂಮಳೆಯನ್ನು ತೋಟದವರು ಬ್ಲಾಸಮ್ ಶವರ್ ಅನ್ನುತ್ತಾರೆ. ಶವರ್, ಫ್ಲವರ್, ಪವರ್, ಟವರ್. ಗಂಟೆ ಎಂಬ ಅವರ್, ಹುಳಿ ಎಂಬ ಸವರ್. ಇನ್ನೂ ಕೆಳಗೆ ಎಂಬ ಪದದ ಸ್ಪೆಲಿಂಗಿನಲ್ಲಿ ಫ್ಲವರ್‌ನ ಎಲ್ಲ ಅಕ್ಷರ ಇದ್ದರೂ, ಮೊದಲಿನ ಎಫ್ ಒಂದು ಬಿಟ್ಟು, ಅದು ಲೋಅರ್. ಸ್ಲೋಅರ್ ಜೊತೆ ಸೇರುತ್ತದೆ. ಹಿಟ್ಟು ಎಂಬ 'ಫ್ಲವರ್' ಬೇರೆ ಸ್ಪೆಲಿಂಗ್, ಅದೇ ಧ್ವನಿ. ಅವೆರಡೂ ಮೂಲದಲ್ಲಿ ಒಂದೇ ಪದ, ಹಿಟ್ಟಿನ ಅತ್ಯುತ್ತಮ ಭಾಗವನ್ನು ಅದರ ‘ಹೂವು’ ಎಂದು ಕರೆಯುತ್ತಿದ್ದರು.

ಕಣದಲ್ಲಿ ಒಣಗುವ ಕಾಫಿ ಹಣ್ಣು, ಚೆರಿ, ನಿಮಗೆ ಗೊತ್ತು. ಹಣ್ಣು ಎಂಬ ಬೆರಿ, ಖುಷಿ ಎಂಬ ಮೆರಿ, ಹೊಳೆ ದಾಟಿಸುವ ಫೆರಿ, ತುಂಬಾ ಎಂಬ ವೆರಿ. ಹೂಳು ಎಂಬ ಅರ್ಥದ ಬಿ-ಯು-ಆರ್-ವೈ ಕೂಡ ಬೆರಿಯೇ! ಅದರ ಸ್ಪೆಲಿಂಗ್ ಒಂದು ಸೀಮೆಯಿಂದ ಬಂತು, ಉಚ್ಚಾರಣೆ ಕೆಂಟ್ ಸೀಮೆಯಿಂದ ಬಂತು. ಲೈನ್‌ಗೆ ಪೈನ್, ಮೈನ್, ಫೈನ್, ಶೈನ್, ಸಹಿ ಎಂಬ ಸೈನ್. ನಮ್ಮ ಜಿಲ್ಲೆಯಲ್ಲಿ ಮಾತ್ರ ಸಿಗುವ ಪ್ರಾಸ ಇನ್ನೊಂದುಂಟು, ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆ ಮತ್ತು ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆ. ಧ್ವನಿ ಅಷ್ಟು ಹತ್ತಿರ, ಬದುಕು ಎಷ್ಟು ದೂರ ಎಂದು ತೋಟದಲ್ಲಿ ಕೆಲಸ ಮಾಡುವವರು ಹೇಳಬೇಕು.

ಕೊನೆಗೆ ಓ-ಯು-ಜಿ-ಎಚ್ ಎಂಬ ಭೂತ. ಗಟ್ಟಿ ಎಂಬ ಟಫ್ ಸ್ಟಫ್ ಜೊತೆ, ಕೆಮ್ಮು ಎಂಬ ಕಾಫ್ ಆಫ್ ಜೊತೆ, ಆದರೂ ಎಂಬ ದೋ ಗೋ ಜೊತೆ, ಮೂಲಕ ಎಂಬ ಥ್ರೂ ಬ್ಲೂ ಜೊತೆ, ಕೊಂಬೆ ಎಂಬ ಬೌ ಕೌ ಜೊತೆ. ಎರಡನೇ ತರಗತಿಗೆ ಇದು ಬೇಡ. ಕೆಮ್ಮು ಬಂದರೆ ಮೆಣಸು ಕುಟ್ಟಿ ಹಾಕಿದ ಬೆಲ್ಲದ ಕಾಫಿ ಕೊಡಿ, ಕಾಫ್–ಕಾಫಿ ಎರಡೂ ಒಟ್ಟಿಗೆ ಪಾಠವಾಗುತ್ತದೆ.

ಪುಸ್ತಕಗಳು ಮಾಡುವ ಇನ್ನೊಂದು ತಪ್ಪು: ಸೂರ್ಯ ಎಂಬ ಸನ್, ಮಗ ಎಂಬ ಸನ್ ಇವನ್ನು ಪ್ರಾಸ ಎಂದು ಅಚ್ಚು ಹಾಕುವುದು. ತಲೆಯೂ ಬಾಲವೂ ಒಂದೇ ಆದರೆ ಅದು ಸಮಧ್ವನಿ ಪದ, ಪ್ರಾಸವಲ್ಲ. ಮಳೆಯ ರೇನ್, ಕುದುರೆ ಲಗಾಮಿನ ರೇನ್, ರಾಜನ ಆಳ್ವಿಕೆಯ ರೇನ್ ಮೂರೂ ಅದೇ ಜಾತಿ.

ಅರ್ಥದ ವಿಷಯ ನೀವು ಕೇಳಿದ್ದು ಒಳ್ಳೆಯದಾಯಿತು. ಯಾಕೆಂದರೆ ಅರ್ಥ ಗೊತ್ತಿಲ್ಲದೆ ಪ್ರಾಸವನ್ನೇ ಹೇಳಲಾಗದ ಪದಗಳಿವೆ. ಬಿ-ಓ-ಡಬ್ಲ್ಯೂ ಎಂದರೆ ಬಿಲ್ಲಾದರೆ ಬೋ, ಗೋ ಮತ್ತು ಸ್ಲೋ ಜೊತೆ. ತಲೆಬಾಗು ಎಂದಾದರೆ ಬೌ, ಕೌ ಮತ್ತು ನೌ ಜೊತೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಆಯುಧಕ್ಕೆ ತಲೆಬಾಗುವಾಗ ಎರಡೂ ಒಂದೇ ಕೋಣೆಯಲ್ಲಿರುತ್ತವೆ. ಸೀಸದ ಲೆಡ್ ರೆಡ್‌ಗೆ ಪ್ರಾಸ, ಮುನ್ನಡೆಸುವ ಲೀಡ್ ಸೀಡ್‌ಗೆ. ಕಣ್ಣೀರಿನ ಟಿಯರ್ ಡಿಯರ್‌ಗೆ, ಹರಿಯುವ ಟೇರ್ ಬೇರ್‌ಗೆ ಅಂದರೆ ಕರಡಿಗೆ. ಸ್ಪೆಲಿಂಗ್ ಮಾತ್ರ ಒಂದೊಂದೇ. ಇಂಥ ಪದ ಕೊಟ್ಟು ಪ್ರಾಸ ಬರೆಯಿರಿ ಎಂದರೆ ‘ಯಾವ ಅರ್ಥದ್ದು ಮಿಸ್?’ ಎಂದು ಕೇಳಲು ಮಗಳಿಗೆ ಹೇಳಿಕೊಡಿ.

ಇನ್ನು ಆರೆಂಜ್. ಅವಳು ಕೇಳಿದ್ದು ಇಂಗ್ಲಿಷಿನ ಅತ್ಯಂತ ಪ್ರಸಿದ್ಧ ತುಂಟ ಪ್ರಶ್ನೆ. ದಿನಬಳಕೆಯ ಯಾವ ಪದವೂ ಆರೆಂಜ್‌ಗೆ ಪ್ರಾಸವಾಗುವುದಿಲ್ಲ. ತಿಂಗಳು ಎಂಬ ಮಂತ್, ಬೆಳ್ಳಿ ಎಂಬ ಸಿಲ್ವರ್ ಕೂಡ ಇದೇ ಬಗೆಯ ಒಂಟಿಗಳು. ನೋಡಿ, ಕೊಡಗಿನ ಒಂದೇ ತೋಟದಲ್ಲಿ ಎರಡು ಒಂಟಿ ಪದ ಬೆಳೆಯುತ್ತಿವೆ: ನೆರಳಿಗೆ ಸಿಲ್ವರ್ ಓಕ್, ಕಾಫಿಯ ನಡುವೆ ಕಿತ್ತಳೆ. ಒಂಟಿ ಆನೆಗಳ ಜಿಲ್ಲೆಗೆ ಸರಿಯಾಗಿಯೇ ಇದೆ. ಕೂರ್ಗ್ ಎಂಬ ಇಂಗ್ಲಿಷ್ ಹೆಸರಿಗಾದರೂ ಪ್ರಾಸ ಸಿಗುತ್ತದೆಯೇ ಎಂದು ಹುಡುಕಿದೆ, ನನಗೆ ಒಂದೂ ಸಿಗಲಿಲ್ಲ.

ಹಟ ಹಿಡಿದರೆ ಆರೆಂಜ್‌ಗೆ ಒಂದು ಗುಡ್ಡದ ಹೆಸರು ಕೊಡಬಹುದು. ವೇಲ್ಸ್ ದೇಶದ ಅಬರ್‌ಗವೆನಿ ಪಟ್ಟಣದ ಹತ್ತಿರ ಬ್ಲಾರೆಂಜ್ ಎಂಬ ಗುಡ್ಡ ಇದೆ, ಸುಮಾರು 560 ಮೀಟರ್ ಎತ್ತರ. ನಮ್ಮ ಮಡಿಕೇರಿ ಪೇಟೆಯೇ ಅದರ ಎರಡರಷ್ಟು ಮೇಲಿದೆ.

ಆರೆಂಜ್ ಪದ ನಮ್ಮ ಕಡೆಯಿಂದಲೇ ಹೋದದ್ದು ಎಂದೂ ಅವಳಿಗೆ ಹೇಳಿ. ಸಂಸ್ಕೃತದ ನಾರಂಗ, ಅದರ ಬೇರು ದ್ರಾವಿಡ ಎಂದು ವಿದ್ವಾಂಸರು ಭಾವಿಸುತ್ತಾರೆ. ಮಲಯಾಳದಲ್ಲಿ ಈಗಲೂ ನಾರಙ್ಙ ಅಂದರೆ ನಿಂಬೆ. ಅಲ್ಲಿಂದ ಪರ್ಶಿಯನ್, ಅರಬ್ಬಿ, ಸ್ಪ್ಯಾನಿಷ್ ದಾಟುವವರೆಗೆ ತಲೆಯ ನಕಾರ ಇತ್ತು. ಯುರೋಪಿನ ದಾರಿಯಲ್ಲಿ ಎಲ್ಲೋ ಆ ನಕಾರ ಉದುರಿ ಫ್ರೆಂಚಿನಿಂದ ಇಂಗ್ಲಿಷಿಗೆ ಬರುವಾಗ ಆರೆಂಜ್ ಆಗಿತ್ತು. ಗಿಡ ಕಸಿ ಮಾಡಿದ ಹಾಗೆ ಪದವೂ ತಲೆ ಕಳೆದುಕೊಂಡು ಹೋಯಿತು.

ಕನ್ನಡದ ಕಿತ್ತಳೆಗೆ ಹಿತ್ತಾಳೆ ಬಹಳ ಹತ್ತಿರ ಬರುತ್ತದೆ. ಎರಡನೆಯ ಅಕ್ಷರದ ‘ತ್ತ’ ಹೊಂದಿದೆ, ಕೊನೆಯ ‘ಳೆ’ ಹೊಂದಿದೆ, ನಡುವೆ ಒಂದು ದೀರ್ಘ ಮಾತ್ರ ಹೆಚ್ಚು. ಅದು ನಡೆಯುತ್ತದೋ ಇಲ್ಲವೋ, ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿ ಅವಳೇ ತೀರ್ಮಾನಿಸಲಿ.